ಕಪ್ಪು ಬಳಿದ ತಗಡು

ಅಪ್ಪಾ,

ನನಗೆ ಹೆದರಿಕೆಯಾಗಿದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನೆನಪಿದೆಯಾ, ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ದೋಸೆ ಒಲೆಗೂ ಅದರ ಹಿಂದಿನ ಗ್ಯಾಸ್ ಪೈಪಿಗೂ ನಡುವೆ ನೀವೊಂದು ಸ್ಟೀಲ್ ತಗಡು ನಿಲ್ಲಿಸಿದ್ದಿರಿ? ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಿರಿ. ಮುಖ ನೋಡಿಕೊಳ್ಳಲಿಕ್ಕಾ ಅಂತ ನಾನು ಕಿಚಾಯಿಸುತ್ತಿದ್ದೆ. "ಬೆಂಕಿ ಮುಟ್ಟಲೇಬೇಕಂತ ಇಲ್ಲ ಮಗಾ, ದೂರದಿಂದಲೇ ಸುಡ್ತದೆ. ಇದು ಹೊಳೀತಾ ಇದ್ರೆ ಕಾವನ್ನು ವಾಪಸ್ ಕಳಿಸ್ತದೆ" ಅಂದಿದ್ದಿರಿ. ಏಳನೇ ಕ್ಲಾಸು ಓದಿದ ನೀವು!

ಬಿ.ಎಸ್ಸಿ. ಪರೀಕ್ಷೆಯಲ್ಲಿ ಉಷ್ಣ ವಿಕಿರಣದ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ಕಪ್ಪು ಮೈ ಕಾವನ್ನು ಹೀರುತ್ತದೆ, ಹೀರಿದ್ದನ್ನು ಅಷ್ಟೇ ಜೋರಾಗಿ ಹೊರಗೆ ಚೆಲ್ಲುತ್ತದೆ. ಹೊಳೆಯುವ ಮೈ ಎರಡನ್ನೂ ಅಷ್ಟಾಗಿ ಮಾಡುವುದಿಲ್ಲ. ಎಲ್ಲ ಬಾಯಿಪಾಠ. ಆದರೂ ಈ ಸಲ ಆಯುಧಪೂಜೆಗೆ ಅಡುಗೆಮನೆಗೆ ಬಣ್ಣ ಹೊಡೆಸುವಾಗ, ಮಸಿ ಕಾಣಬಾರದೆಂದು ಆ ತಗಡಿನ ಎರಡೂ ಕಡೆ ಕಪ್ಪು ಪೇಂಟ್ ಬಳಿದವಳೂ ನಾನೇ. ಕುಂಕುಮ ಹಚ್ಚಿ, ಚೆಂಡುಹೂವು ಸಿಕ್ಕಿಸಿ, ಕೈ ಬೇರೆ ಮುಗಿದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ನಿನ್ನೆ ಮಧ್ಯಾಹ್ನ ಕೌಂಟರಿನಲ್ಲಿ ಕೂತಿದ್ದಾಗ ಗ್ಯಾಸಿನ ವಾಸನೆ ಬಂತು. ಒಳಗೆ ಓಡಿದೆ. ಒಲೆ ಉರಿಯುತ್ತಿತ್ತು, ಅಮ್ಮ ಅದರ ಎದುರಿಗೇ ನಿಂತು ದೋಸೆ ಮಗುಚುತ್ತಿದ್ದಳು. ಸಿಲಿಂಡರಿನ ವಾಲ್ವ್ ಮುಚ್ಚಿ ಅವಳನ್ನು ಹೊರಗೆ ಎಳೆದುಕೊಂಡು ಬಂದೆ. ಆಮೇಲೆ ನೋಡಿದರೆ ತಗಡಿನ ಹಿಂದಿನ ರಬ್ಬರ್ ಪೈಪು ಅದರ ಕಾವಿಗೆ ಮೆತ್ತಗಾಗಿ ಬಿರುಕು ಬಿಟ್ಟಿತ್ತು. ಇನ್ನೆರಡು ನಿಮಿಷ ತಡವಾಗಿದ್ದರೆ...

ಅಮ್ಮನಿಗೆ ನನ್ನ ಮೇಲೇ ಸಿಟ್ಟು. "ಎಂತ ಆಯ್ತೇ ನಿಂಗೆ? ಗಿರಾಕಿ ಕಾಯ್ತಿದ್ದಾರೆ, ಗ್ಯಾಸ್ ಯಾಕೆ ಬಂದ್ ಮಾಡಿದ್ದು?"

"ಅಮ್ಮಾ, ನಿಂಗೆ ವಾಸನೆ ಬರ್ಲಿಲ್ವಾ?"

ಅವಳು ಸೆರಗಿಗೆ ಕೈ ಒರೆಸಿದಳು, ಒರೆಸುತ್ತಲೇ ಇದ್ದಳು. "ಆ ಜ್ವರ ಬಂದು ಹೋದ ಮೇಲೆ ನಂಗೆ ಯಾವ ವಾಸನೆಯೂ ಬರುದಿಲ್ಲ ಮಗಾ. ಹೇಳಿದ್ರೆ ನೀನು ಒಲೆ ಹತ್ರ ಬಿಡುದಿಲ್ಲ ಅಂತ..."

ಯಾವ ಜ್ವರ ಗೊತ್ತಲ್ಲ ಅಪ್ಪಾ? ನಿಮ್ಮಿಬ್ಬರಿಗೂ ಒಟ್ಟಿಗೇ ಬಂದದ್ದು. ನಿಮ್ಮನ್ನು ಕರೆದುಕೊಂಡು ಹೋಯಿತು, ಅವಳನ್ನು ಬಿಟ್ಟಿತು ಅಂದುಕೊಂಡಿದ್ದೆ.

ಪೈಪು ಬದಲಾಯಿಸಿದ್ದಾಯಿತು. ಪೇಂಟನ್ನೆಲ್ಲ ಕೆರೆದು ತೆಗೆದೆ, ಉಗುರು ಕಿತ್ತುಬಂತು. ತಪ್ಪು ನನ್ನದೆಂದು ಅವಳಿಗೂ ಹೇಳಿದೆ. ಆದರೂ ಇವತ್ತು ಮತ್ತೆ ಕಾವಲಿಯ ಮುಂದೆ ನಿಂತಿದ್ದಾಳೆ. ಬೇಡವೆಂದರೆ ಕೇಳುವ ಹೆಂಗಸಾ ನಿಮ್ಮ ಹೆಂಡತಿ? ಕೌಂಟರನ್ನು ಅಡುಗೆಮನೆಯ ಬಾಗಿಲಿಗೇ ಸರಿಸಿಕೊಂಡು ಕೂತಿದ್ದೇನೆ. ಇನ್ನು ಮೇಲೆ ಇಬ್ಬರಿಗೂ ಸೇರಿ ಇರುವುದು ಒಂದೇ ಮೂಗು. ನನಗೆ ನೆಗಡಿಯಾದ ದಿನ ಹೋಟೆಲು ಬಂದ್.