ಕನ್ನಡಿ ಮುಂದೆ ರಕ್ತಪಿಶಾಚಿ

ಅಕ್ಕ,

ನಮ್ಮ ರಕ್ತಪಿಶಾಚಿಯ ಕಾದಂಬರಿಗಳನ್ನು ಸಿನಿಮಾ ಮಾಡಿದ್ದಾರೆ. ಇವತ್ತು ಮ್ಯಾಟಿನಿಗೆ ಹೋಗಿ ನೋಡಿ ಬಂದೆ. ನೀನು ನೋಡಬೇಡ. ಪುಸ್ತಕದಲ್ಲಿ ಮುನ್ನೂರು ವರ್ಷದಿಂದ ಹಸಿದಿದ್ದವನು ಇಲ್ಲಿ ಮದುವೆ ಗಂಡಿನಂತೆ ಮಿರಮಿರ ಮಿಂಚುತ್ತಾನೆ. ಕನ್ನಡಿಯಲ್ಲಿ ಕಾಣಿಸಲೇಬಾರದ ಪ್ರಾಣಿ ಕನ್ನಡಿ ಮುಂದೆ ನಿಂತು ಕ್ರಾಪು ತೀಡಿಕೊಳ್ಳುತ್ತದೆ. ಹುಡುಗಿಯ ಕುತ್ತಿಗೆಗೆ ಬಾಯಿ ಹಾಕುವಾಗಲಂತೂ ಹಲ್ಲುನೋವು ಬಂದವನ ಮುಖ. ನಿರ್ದೇಶಕ ಪುಸ್ತಕದ ರಟ್ಟನ್ನಷ್ಟೇ ಓದಿರಬೇಕು.

ಸಿನಿಮಾ ಉದ್ದಕ್ಕೂ ನನ್ನ ಗೊಣಗಾಟ ಸಹಿಸಿಕೊಂಡಿದ್ದ ಪಕ್ಕದ ಸೀಟಿನ ಹೆಂಗಸು, ದೀಪ ಹತ್ತಿದ ಮೇಲೆ ಕೇಳಿದಳು: “ಪುಸ್ತಕ ಅರೆದು ಕುಡಿದಿದೀರ ಅನ್ಸುತ್ತೆ. ಕೊನೇಲಿ ಆ ಹುಡುಗೀನೂ ಪಿಶಾಚಿ ಆಗ್ತಾಳಲ್ಲ, ಅದಾದ್ರೂ ಪುಸ್ತಕದಲ್ಲಿದ್ಯಾ?”

“ಎಲ್ಲಿಂದ ಬಂತು? ಇವರೇ ಸೇರಿಸಿದ್ದು” ಎಂದುಬಿಟ್ಟೆ.

ನನಗೇನು ಗೊತ್ತು? ನೀನು ಓದಿ ಮುಗಿಸುವವರೆಗೆ ಕಾಯಲಾರೆನೆಂದು ನಾನು ಹಟ ಹಿಡಿದಾಗ, ಕೊನೆಯ ಪುಸ್ತಕವನ್ನು ನೀನೇ ನಡುವೆ ಸೀಳಿ ಮೊದಲರ್ಧ ನನಗೆ ಕೊಟ್ಟಿದ್ದೆ. ಅದೇ ವಾರ ಜಗಳವಾಡಿ ನಾನು ನಿನಗೆ “ಮನೆ ಬಿಟ್ಟು ಹೋಗು” ಅಂದೆ. ಉಳಿದರ್ಧ ನಿನ್ನ ಚೀಲದಲ್ಲೇ ಹೋಯಿತು.

ಆ ಪುಸ್ತಕ ಈಗಲೂ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹನ್ನೊಂದು ವರ್ಷವಾಯಿತು, ನಾನು ಕೊಂಡಿಲ್ಲ.