ಶುಕ್ರವಾರದ ಬೀಗ

ನಾಲತವಾಡ
18 ನವೆಂಬರ್ 2024

ಸಿದ್ದಾರೂಢನ ಅಪ್ಪನವರಿಗೆ ಕಸ್ತೂರೆವ್ವ ಮಾಡುವ ನಮಸ್ಕಾರಗಳು.

ಜೈಲಿನಲ್ಲಿ ನಿಮ್ಮ ಮೊಣಕಾಲು ಹೇಗಿದೆ? ಬರಿ ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಗೋಡೆ ಹಿಡಿಯದೆ ಏಳಲು ನಿಮಗಾಗುವುದಿಲ್ಲ. ಬಿ.ಪಿ. ಗುಳಿಗೆ, ಒಂದು ದಪ್ಪ ಚಾದರ ನಿಮ್ಮ ತಮ್ಮ ಸುನೀಲಕುಮಾರನ ಕೈಯಲ್ಲಿ ಕಳಿಸಿದ್ದೇನೆ. ಈ ಕಾಗದವನ್ನೂ ಅವನೇ ತರುತ್ತಾನೆ. ನಾನು ಬರುವುದಿಲ್ಲ.

ಹೋದ ವರ್ಷ ಮುಳವಾಡದ ಕಡೆ ಪಂಪಿನ ಮನೆಯಿಂದ ತಾಮ್ರದ ತಂತಿ ಕೀಳಲು ಮಗನನ್ನು ಕರೆದೊಯ್ದವರು ನೀವು. ಜನ ಬೆನ್ನು ಹತ್ತಿದಾಗ ಅವನನ್ನು ಬಿಟ್ಟು ಗಾಡಿ ಏರಿ ಓಡಿದವರೂ ನೀವೇ. ಅವನಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ನ್ಯಾಯಾಧೀಶರ ಮುಂದೆ, “ನಾ ಒಬ್ಬನ ಹೋಗಿದ್ನಿರಿ” ಎಂದ. ನಿಮ್ಮ ಹೆಸರನ್ನು ಬಾಯಿಗೆ ತರಲಿಲ್ಲ. ಮೊದಲ ತಪ್ಪೆಂದು ಕೋರ್ಟು ಜೈಲಿಗೆ ಕಳಿಸದೆ, ಎರಡು ವರ್ಷ ಪ್ರೊಬೇಷನ್ ಅಧಿಕಾರಿ ಸುಮಂಗಲಾ ಮೇಡಂ ಅವರ ನಿಗಾದಲ್ಲಿರಬೇಕೆಂದು ಮುಚ್ಚಳಿಕೆ ಬರೆಸಿಕೊಂಡಿತು. ತಿಂಗಳಿಗೆರಡು ಸಲ ಅವರ ಮುಂದೆ ಹಾಜರಾಗಬೇಕು, ದುಡಿದು ತಿನ್ನಬೇಕು, ಮತ್ತೆ ತಪ್ಪಿದರೆ ನೇರ ಜೈಲು.

ಕೆಲಸಕ್ಕಾಗಿ ಮೇಡಂ ಅವನನ್ನು ಕರೆದುಕೊಂಡು ಮುದ್ದೇಬಿಹಾಳದ ಅಂಗಡಿ ಅಂಗಡಿ ತಿರುಗಿದರು. ಎಲ್ಲರೂ ಬೇಡವೆಂದರು. ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವ ಮಹಮ್ಮದಹನೀಫಣ್ಣ ಮಾತ್ರ, “ತಂತಿ ಕದ್ದಾಂವನ ಕೈಯಾಗ ತಂತಿನ ಕೊಡ್ತೇನ್ರಿ ಮೇಡಂ. ಏನ್ ಮಾಡ್ತಾನ ನೋಡೂಣು” ಎಂದು ಒಳಗೆ ಕರೆದುಕೊಂಡ. ನಾಲ್ಕು ತಿಂಗಳಲ್ಲಿ ಮಗ ಐದು ಎಚ್‌ಪಿ ಮೋಟರನ್ನು ತಾನೊಬ್ಬನೇ ಸುತ್ತುವಷ್ಟು ಕಲಿತ. ಒಂದು ದಿನ ಮೋಟರ್ ತಂದ ರೈತನೊಬ್ಬ ತಂತಿ ಕಳ್ಳನೆಂದು ಅವನ ಗುರುತು ಹಿಡಿದು ಗಿರಾಕಿಗಳೆದುರೇ ಕಪಾಳಕ್ಕೆ ಹೊಡೆದ. ಹನೀಫಣ್ಣ ಜಗಳ ತೆಗೆಯಲಿಲ್ಲ. ಅದೇ ಮೋಟರನ್ನು ಮಗನ ಮುಂದೆ ಸರಿಸಿ, “ಸುತ್ತು” ಎಂದನಂತೆ. ಬಾತ ಕೆನ್ನೆಯಲ್ಲೇ ಸುತ್ತಿ ಮುಗಿಸಿದ. ಒಯ್ಯಲು ಬಂದ ರೈತ ಇವನ ಮುಖ ನೋಡಲಿಲ್ಲ.

ಅದಾದ ವಾರದಲ್ಲೇ, ನೀವು ಓಡಿಹೋಗಿ ಸೇರಿದ್ದ ಸೋಲಾಪುರದಿಂದ ನಿಮ್ಮ ಫೋನ್. “ಶುಕ್ರವಾರ ಹನೀಫ ನಮಾಜಿಗೆ ಹೋದಾಗ ಅಂಗಡಿ ತಗದಿಡು. ಹೆತ್ತ ಅಪ್ಪಗ ಇಷ್ಟೂ ಮಾಡೂದಿಲ್ಲೇನು?” ಎಂದಿರಂತೆ. ಎರಡು ದಿನ ಅವನು ಉಣ್ಣಲಿಲ್ಲ. ನಾನು ರೊಟ್ಟಿ ಬಡಿಯುತ್ತ ಏನಾಯಿತೆಂದು ಕೇಳಿದೆ. ಎಲ್ಲ ಹೇಳಿಬಿಟ್ಟ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಆ ಶುಕ್ರವಾರ ಮಧ್ಯಾಹ್ನ ನೀವು ಟೆಂಪೋ ತಂದು ನಿಲ್ಲಿಸಿ ಶಟರ್ ಎತ್ತಿದಿರಿ. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ ಪೊಲೀಸರು ಎದ್ದು ಬಂದರು. ಗದ್ದಲ ಕೇಳಿ ಓಡಿಬಂದ ಮಗನ ಮುಖಕ್ಕೆ ನೀವು ಉಗುಳಿದಿರಿ. “ಇಂವ ನನಗ ಹುಟ್ಟಿದಾಂವ ಅಲ್ಲ” ಎಂದಿರಿ. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲವಂತೆ. ಆ ಮಾತು ನನಗೂ ತಗುಲಿತು. ಇಪ್ಪತ್ತೆರಡು ವರ್ಷ ಬಾಳಿದ್ದಕ್ಕೆ ನಡು ಬಜಾರದಲ್ಲಿ ನನಗೆ ಕೊಟ್ಟ ಮರ್ಯಾದೆ ಅದು.

ಈಗ ಊರವರು ಅವನನ್ನು ಹೊಗಳುತ್ತಾರೆ. ಅವನೇ ಸುದ್ದಿ ಕೊಟ್ಟು ಕಳ್ಳತನ ತಪ್ಪಿಸಿದ ಎಂದು ಮೇಡಂ ಕೋರ್ಟಿಗೆ ವರದಿ ಬರೆದಿದ್ದಾರೆ. ಹನೀಫಣ್ಣ ಅಂಗಡಿಯನ್ನೇ ಅವನ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತಾನೆ. ಮನೆಗೆ ಬಂದರೆ ಮಗ ಗೋಡೆಯ ಕಡೆ ಹೊರಳಿ ಮಲಗುತ್ತಾನೆ.

ಗುಳಿಗೆ ತಪ್ಪಿಸಬೇಡಿ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯಹೋದೆ, ಕೈ ಬರಲಿಲ್ಲ. ಆರೋಗ್ಯವಾಗಿರಿ, ಅಷ್ಟು ಸಾಕು.

ಇಂತಿ,
ಕಸ್ತೂರೆವ್ವ

ತಾ.ಕ.: ಸುನೀಲಕುಮಾರ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಾನೆ. ಸುದ್ದಿ ಕೊಟ್ಟವನು ಮಗನಲ್ಲ, ನಾನು. ಮೇಡಂಗೆ ಫೋನ್ ಮಾಡಿ, “ಮಗಾನ ಹೇಳಿ ಕಳಿಸ್ಯಾನ್ರಿ” ಎಂದು ಸುಳ್ಳು ಹೇಳಿದೆ. ನನ್ನ ಫೋನಿನ ವಿಷಯ ಅವನಿಗೇನೂ ಗೊತ್ತಿರಲಿಲ್ಲ. ಆ ದಿನ ಅವನು ಬೀಗ ಒತ್ತದೆ ಸುಮ್ಮನೆ ಸಿಕ್ಕಿಸಿ ಹೋಗಿದ್ದು ನಿಮಗಾಗಿಯೇ. ನೀವು ಅದನ್ನು ಬಲೆ ಎಂದುಕೊಂಡಿರಿ. ಕೋರ್ಟಿನಲ್ಲಿ ಕೇಳಿದರೆ ಕಳ್ಳ ಕೀಲಿಕೈ ನಿಮ್ಮ ಹತ್ತಿರವಿತ್ತೆಂದು ಹೇಳಿ, ಇಲ್ಲವಾದರೆ ಅವನನ್ನೂ ಒಳಗೆ ಹಾಕುತ್ತಾರೆ. ಓದಿ ಹರಿದುಬಿಡಿ. ಅವನು ನಿಮ್ಮನ್ನು ನೋಡಲು ಬಂದರೆ ಭೇಟಿಗೆ ಒಪ್ಪಬೇಡಿ. ನೀವು ಒಂದು ಒಳ್ಳೆಯ ಮಾತಾಡಿದರೆ ಸಾಕು, ಅವನು ಹೋಗಿ ಮೇಡಂ ಮುಂದೆ ಬೀಗದ ನಿಜ ಹೇಳಿಬಿಡುತ್ತಾನೆ.