ನಿಮ್ಮ ‘ಪರಿಷ್ಕೃತ ಆವೃತ್ತಿ’ ಮತ್ತು ನನ್ನ ಅಕ್ಕನ ಎರಡು ಮೂತ್ರಪಿಂಡಗಳು

ಮೂತ್ರಪಿಂಡ ಚಿಕಿತ್ಸಾ ಮಾರ್ಗಸೂಚಿ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

2014ರಲ್ಲಿ ನಿಮ್ಮ ಸಮಿತಿ ಹೊರತಂದ ‘ಪರಿಷ್ಕೃತ ಆವೃತ್ತಿ’ಯಲ್ಲಿ ಪರಿಷ್ಕಾರಗೊಂಡದ್ದು ಎರಡೇ: ಮುಖಪುಟದ ಬಣ್ಣ ಮತ್ತು ನಿಮ್ಮ ಭಾವಚಿತ್ರ. ಒಳಗಿನ ಅರವತ್ತನಾಲ್ಕು ಪುಟಗಳಲ್ಲಿ ಒಂದು ಅಕ್ಷರವೂ ಅಲುಗಿಲ್ಲ. ಆ ಅಲುಗದ ಅಕ್ಷರಗಳನ್ನು ನಂಬಿದ ವ್ಯವಸ್ಥೆಯಲ್ಲಿ ನನ್ನ ಅಕ್ಕ ದ್ರೌಪದಮ್ಮ ತನ್ನ ಎರಡೂ ಮೂತ್ರಪಿಂಡಗಳನ್ನು ಕಳೆದುಕೊಂಡಳು. ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರವನ್ನು ನಾನು ಸಹಾನುಭೂತಿ ಕೋರಿ ಬರೆಯುತ್ತಿಲ್ಲ. ಸೇಡಿಗಾಗಿ ಬರೆಯುತ್ತಿದ್ದೇನೆ. ಆರಂಭದಲ್ಲೇ ಹೇಳಿಬಿಟ್ಟರೆ ಇಬ್ಬರಿಗೂ ಅನುಕೂಲ.

ಒಂದು ಅಕ್ಷರವೂ ಅಲುಗಿಲ್ಲವೆಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನಾನು ಯಶವಂತಪುರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುವವಳು. 2009ರಲ್ಲಿ ನಿಮ್ಮ ಪುಸ್ತಕದ ಮೊದಲ ಕರಡು ಬಂದದ್ದು ನನ್ನ ಮೇಜಿಗೇ. ಅದರ ಮೂವತ್ತೇಳನೇ ಪುಟದಲ್ಲಿ ‘ರೋಗಿಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು’ ಎಂಬ ವಾಕ್ಯ ‘ಯೋಗಿಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು’ ಎಂದಾಗಿತ್ತು. ನನ್ನ ಕಣ್ಣು ತಪ್ಪಿತು. ಅಚ್ಚಾದ ಮೇಲೆ ನೋಡಿ ಎರಡು ದಿನ ಅನ್ನ ಸೇರಲಿಲ್ಲ. ಮುಂದಿನ ಆವೃತ್ತಿಯಲ್ಲಿ ದೊಡ್ಡ ಡಾಕ್ಟರುಗಳು ಓದಿ ತಿದ್ದುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಎರಡನೇ ಆವೃತ್ತಿ ಬೇರೆ ಮುದ್ರಣಾಲಯದಲ್ಲಿ ಅಚ್ಚಾಯಿತು. ಅಲ್ಲಿಯೂ ಮೂವತ್ತೇಳನೇ ಪುಟದಲ್ಲಿ ಯೋಗಿ ಇದ್ದಾನೆ. ಹನ್ನೊಂದು ಮಂದಿ ತಜ್ಞರ ಹೆಸರು ಹೊತ್ತ ಪುಸ್ತಕವನ್ನು ಹನ್ನೊಂದು ಮಂದಿಯಲ್ಲಿ ಒಬ್ಬರೂ ತೆರೆದು ನೋಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ನನ್ನ ತಪ್ಪು ನಗೆಪಾಟಲಿನದು. ನಿಮ್ಮ ತಪ್ಪು ಇಪ್ಪತ್ತೊಂದನೇ ಪುಟದಲ್ಲಿದೆ. ‘ರಕ್ತದ ಕ್ರಿಯಾಟಿನಿನ್ ಎರಡನ್ನು ದಾಟಿದಾಗ ಮಾತ್ರ ತಜ್ಞರ ಬಳಿಗೆ ಕಳಿಸತಕ್ಕದ್ದು.’ ಮೂತ್ರಪಿಂಡ ಸೋಸಿ ಹೊರಹಾಕದೆ ರಕ್ತದಲ್ಲಿ ಉಳಿಯುವ ಕಸದ ಅಳತೆ ಈ ಕ್ರಿಯಾಟಿನಿನ್. ವಾಕ್ಯದಲ್ಲಿ ಕಾಗುಣಿತದ ದೋಷವಿಲ್ಲ. ಆದ್ದರಿಂದ ನಾನು ಇದನ್ನು ಹಾಗೇ ಬಿಟ್ಟೆ.

ಅಕ್ಕ ಹಳೇ ಯಲಹಂಕದ ಅಂಗನವಾಡಿಯಲ್ಲಿ ಸಹಾಯಕಿ. ದಿನಾ ನಲವತ್ತು ಮಕ್ಕಳಿಗೆ ಅಡುಗೆ ಮಾಡಿ ಬಡಿಸುತ್ತಿದ್ದವಳು. ಅವಳ ತೂಕ ನಲವತ್ತೊಂದು ಕೆ.ಜಿ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದವು. ಮಂಡಿ ನೋವಿಗೆ ದಿನಕ್ಕೆರಡು ನೋವಿನ ಮಾತ್ರೆ ನುಂಗುತ್ತಿದ್ದಳು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು ಆ ಮಾತ್ರೆಯಿಂದ ದೂರವಿರಬೇಕೆಂದು ನಿಮ್ಮ ಪುಸ್ತಕ ಎಲ್ಲೂ ಹೇಳುವುದಿಲ್ಲ. 2014ರಲ್ಲಿ ಅವಳ ಕ್ರಿಯಾಟಿನಿನ್ ಒಂದೂವರೆ ಇತ್ತು. ಆರೋಗ್ಯ ಕೇಂದ್ರದ ವೈದ್ಯೆ ರೆಹಾನಾ ಎಳೆಯ ವಯಸ್ಸಿನವರು. ಅಕ್ಕನ ಊದಿದ ಪಾದ ಒತ್ತಿ ನೋಡಿ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ಪರೀಕ್ಷೆ ಆಗಬೇಕು, ತಜ್ಞರು ನೋಡಬೇಕು ಎಂದು ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಕ್ಕ ಎರಡು ಬಸ್ಸು ಬದಲಿಸಿ ಹೋದಳು. ಅದೇ ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು ಬಂದಳು: ‘ಮಾರ್ಗಸೂಚಿ ಪುಟ 21 ನೋಡಿ. ಕಳಿಸುವ ಅಗತ್ಯವಿಲ್ಲ.’

ಅಂದು ಸಂಜೆ ಅಕ್ಕ ನನಗೆ ಫೋನ್ ಮಾಡಿ ನಕ್ಕಳು. “ನಂಗೇನೂ ಇಲ್ವಂತೆ ಕಣೇ. ಡಾಕ್ಟ್ರಮ್ಮ ಸುಮ್ನೆ ಎದ್ರುಸ್ತಾರೆ, ಇನ್ನೂ ಚಿಕ್ಕೋಳು ಪಾಪ.”

ರೆಹಾನಾ ಇನ್ನೆರಡು ಸಲ ಚೀಟಿ ಬರೆದರು. ಎರಡು ಸಲವೂ ಇಪ್ಪತ್ತೊಂದನೇ ಪುಟ ಅಡ್ಡ ಬಂತು. 2016ರಲ್ಲಿ ಕ್ರಿಯಾಟಿನಿನ್ ಒಂದು ಪಾಯಿಂಟ್ ಒಂಬತ್ತು, ಎರಡನ್ನು ದಾಟಿರಲಿಲ್ಲವಲ್ಲ! ಈ ವರ್ಷ ಜನವರಿಯಲ್ಲಿ ಅಕ್ಕ ಅಂಗನವಾಡಿಯ ಒಲೆ ಮುಂದೆ ಉಸಿರು ಕಟ್ಟಿ ಕುಸಿದಳು. ಹೆಬ್ಬಾಳದ ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್ ಎಂಟರ ಹತ್ತಿರ ಬಂತು. ಅಭಿನಂದನೆಗಳು ಅಧ್ಯಕ್ಷರೇ, ಕೊನೆಗೂ ಅವಳು ನಿಮ್ಮ ಮಾರ್ಗಸೂಚಿಗೆ ಅರ್ಹಳಾದಳು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಈಗ ಅವಳ ರಕ್ತವನ್ನು ಯಂತ್ರ ತೊಳೆಯುತ್ತದೆ.

ಫೆಬ್ರವರಿಯಲ್ಲಿ ರೆಹಾನಾ ಮನೆಗೆ ಬಂದರು. ಕೈಯಲ್ಲಿ ನಿಮ್ಮ ಪುಸ್ತಕ, ಲೆಕ್ಕ ಹಾಕಿದ ಒಂದು ಕಾಗದ. ಅಕ್ಕನ ಮುಖ ನೋಡಲಾರದೆ ನನ್ನ ಜೊತೆ ಮಾತಾಡಿದರು.

“ಮೇಡಂ, ಬರೀ ಕ್ರಿಯಾಟಿನಿನ್ ನೋಡಿದ್ರೆ ಸಾಲಲ್ಲ. ವಯಸ್ಸು, ಹೆಂಗಸೋ ಗಂಡಸೋ ಎಲ್ಲಾ ಸೇರಿಸಿ ಲೆಕ್ಕ ಹಾಕ್ಬೇಕು. ಮೂರು ವರ್ಷದ ಹಿಂದೇನೇ ಇವ್ರ ಕಿಡ್ನಿ ನೂರಕ್ಕೆ ನಲವತ್ತೂ ಕೆಲ್ಸ ಮಾಡ್ತಿರ್ಲಿಲ್ಲ.”

“ಇದು ಹೊಸದಾಗಿ ಕಂಡುಹಿಡಿದದ್ದಾ?” ಎಂದೆ.

“ಇಲ್ಲ ಮೇಡಂ. ನಾನ್ ಓದೋ ಕಾಲಕ್ಕೇ ಹಳೇದು.”

ಆಮೇಲೆ ನಾನು ಓದತೊಡಗಿದೆ. ಹೊರದೇಶದ ಮಾರ್ಗಸೂಚಿಗಳಲ್ಲಿ ಈ ಲೆಕ್ಕ 2002ರಲ್ಲೇ ಇತ್ತು. ನಿಮ್ಮ ಮೊದಲ ಆವೃತ್ತಿಗಿಂತ ಏಳು ವರ್ಷ ಮುಂಚೆ. 2013ರ ಆರಂಭದಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಈ ಲೆಕ್ಕ ಮತ್ತು ಮೂತ್ರದ ಆಲ್ಬುಮಿನ್ ಎರಡನ್ನೂ ಒಟ್ಟಿಗೆ ನೋಡಿ ಎಂದಿತು. ಅದನ್ನು ಹೇಗೆ ಬರೆದರು ಎಂಬುದನ್ನೂ ಓದಿದೆ. ಮೊದಲು ಪ್ರಶ್ನೆ ಇಟ್ಟುಕೊಳ್ಳುತ್ತಾರೆ. ಪ್ರಪಂಚದ ಅಧ್ಯಯನಗಳನ್ನು ಹುಡುಕಿ ಜಾಲಾಡುತ್ತಾರೆ. ಯಾವ ಶಿಫಾರಸಿಗೆ ಎಷ್ಟು ಗಟ್ಟಿ ಆಧಾರವಿದೆ ಎಂದು ಪಕ್ಕದಲ್ಲೇ ಬರೆಯುತ್ತಾರೆ. ಯಾವ ಸದಸ್ಯರಿಗೆ ಯಾವ ಔಷಧಿ ಕಂಪನಿಯ ನಂಟಿದೆ ಎಂದು ಪ್ರಕಟಿಸುತ್ತಾರೆ. ಕರಡನ್ನು ಹೊರಗಿನವರ ಮುಂದಿಟ್ಟು ಬೈಸಿಕೊಳ್ಳುತ್ತಾರೆ. ಬೈಸಿಕೊಂಡ ಮೇಲೆ ತಿದ್ದುತ್ತಾರೆ. ಕರಡು ತಿದ್ದುವವಳಾಗಿ ನನಗೆ ಆ ಕೆಲಸದ ಮೇಲೆ ಗೌರವ ಬಂತು. ನಿಮ್ಮ ಮೇಲೆ ಬಂದದ್ದೇನೆಂದು ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ನೀವು ಹೇಗೆ ಬರೆದಿರಿ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪರಿಷ್ಕರಣಾ ಸಭೆ ಒಂದೇ ಒಂದು ಸಲ ನಡೆದಿದೆ, ಐವತ್ತು ನಿಮಿಷ. ನಡಾವಳಿಯಲ್ಲಿ ಇರುವುದು ಒಂದೇ ಸಾಲು: ‘ಸಮಗ್ರವಾಗಿ ಚರ್ಚಿಸಿ ಯಥಾವತ್ ಅಂಗೀಕರಿಸಲಾಯಿತು.’ ಕೆಳಗೆ ಸಹಿಗಳು. ಕೊನೆಯ ಸಹಿ ‘ರೋಗಿಗಳ ಪ್ರತಿನಿಧಿ, ಗೋಪಾಲಮ್ಮ’.

ನಮ್ಮ ಪರವಾಗಿ ಕೂತಿದ್ದ ಈ ತಾಯಿ ಯಾರೆಂದು ಹುಡುಕಿಕೊಂಡು ಗಂಗಾನಗರಕ್ಕೆ ಹೋದೆ. ಅವರು ನಿಮ್ಮ ಕಚೇರಿಯಲ್ಲೇ ಕಸ ಗುಡಿಸಿ, ಟೀ ಕೊಟ್ಟು, ನಿವೃತ್ತರಾದವರು. ನಾನು ತೋರಿಸಿದ ಕಾಗದ ನೋಡಿ ಗಾಬರಿಯಾದರು.

“ನಾನಾ? ಸಮಿತೀಲಾ? ನಂಗೆ ಆವಾಗ ಕಿಡ್ನೀಲಿ ಕಲ್ಲಾಗಿತ್ತು ಕಣಮ್ಮ. ಸಾಯೇಬ್ರು ‘ನೀನೂ ಕಿಡ್ನಿ ಪೇಷೆಂಟೇ ಅಲ್ವಾ, ಇಲ್ಲಿ ರುಜು ಆಕು’ ಅಂದ್ರು. ಆಕ್ದೆ. ಏನಾರ ತೊಂದ್ರೆ ಆಯ್ತಾ?”

“ನಿಮ್ಮಿಂದ ಏನೂ ಆಗಿಲ್ಲಮ್ಮ” ಎಂದೆ. ಅದು ನಿಜ. ಆ ಸಭೆಯಲ್ಲಿ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದವರು ಅವರೊಬ್ಬರೇ, ಟೀಯಾದರೂ ಬಿಸಿಯಾಗಿತ್ತಂತೆ.

ಈಗ ಮುಂದಿನ ತಿಂಗಳು ಹೆಬ್ಬಾಳದ ಸಭಾಂಗಣವೊಂದರಲ್ಲಿ ನಿಮ್ಮ ಮೂರನೇ ಆವೃತ್ತಿಯ ಲೋಕಾರ್ಪಣೆ, ಜೊತೆಗೆ ನಿಮಗೆ ಸನ್ಮಾನ ಎಂದು ಆಹ್ವಾನ ಪತ್ರಿಕೆ ಹೇಳುತ್ತದೆ. ಕರಡನ್ನು ಯಾರ ಮುಂದಿಟ್ಟಿದ್ದೀರಿ? ಆ ಪುಸ್ತಕದಲ್ಲಿ ರೋಗಿಗಳ ಪರವಾಗಿ ಈ ಸಲ ಯಾರು ರುಜು ಹಾಕಿದ್ದಾರೆ? ನಾನು ಸುಮ್ಮನೆ ಕೂತಿಲ್ಲ. ಎರಡೂ ಆವೃತ್ತಿಗಳ ಇಪ್ಪತ್ತೊಂದು ಮತ್ತು ಮೂವತ್ತೇಳನೇ ಪುಟಗಳನ್ನು ಅಕ್ಕಪಕ್ಕ ಇಟ್ಟು ಜೆರಾಕ್ಸ್ ಮಾಡಿಸಿ, ಯಲಹಂಕದಿಂದ ಟಿ. ದಾಸರಹಳ್ಳಿಯವರೆಗಿನ ಪ್ರತಿ ಆರೋಗ್ಯ ಕೇಂದ್ರಕ್ಕೂ ಅಂಚೆಯಲ್ಲಿ ಕಳಿಸಿದ್ದೇನೆ. ನಿಮಗೆ ಹಾರ ಹಾಕಲಿರುವ ಗಣ್ಯರಿಗೂ ಕಳಿಸಿದ್ದೇನೆ. ಅವರು ನಿಮ್ಮ ಪುಸ್ತಕದ ಎರಡು ಪುಟಗಳನ್ನಾದರೂ ಓದಿ ವೇದಿಕೆ ಹತ್ತಲಿ. ಗೋಪಾಲಮ್ಮನವರ ಹೇಳಿಕೆ, ಅವರದೇ ರುಜುವಿನೊಂದಿಗೆ, ವಕೀಲರ ಬಳಿ ಇದೆ.

ನನ್ನ ಬೇಡಿಕೆ ಹೀಗಿದೆ. ಲೋಕಾರ್ಪಣೆಯನ್ನು ನಿಲ್ಲಿಸಿ. ಕರಡನ್ನು ಎರಡು ತಿಂಗಳು ಎಲ್ಲರಿಗೂ ಓದಲು ಬಿಡಿ, ರೆಹಾನಾರಂಥವರು ಬರೆದ ಆಕ್ಷೇಪಗಳಿಗೆ ಒಂದೊಂದಕ್ಕೂ ಉತ್ತರ ಕೊಡಿ. ಹೊಸ ಪುಸ್ತಕದ ಮೊದಲ ಪುಟದಲ್ಲಿ, ಮುನ್ನುಡಿಗೂ ಮೊದಲು, 2009ರಿಂದ ಇಂದಿನವರೆಗೆ ನಾವು ಹೇಳಿದ್ದು ತಪ್ಪಾಗಿತ್ತು ಎಂದು ಅಚ್ಚು ಹಾಕಿಸಿ. ಇಷ್ಟು ಸಾರ್ವಜನಿಕರಿಗಾಗಿ.

ಇನ್ನೊಂದು ಅಕ್ಕನದು. ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಪರಿಹಾರ ಕೇಳಲೇ, ರಾಜೀನಾಮೆ ಕೇಳಲೇ ಎಂದೆ. ಅವಳು ತೋಳಿನ ಸೂಜಿ ಗುರುತು ಸವರಿಕೊಂಡಳು.

“ರಾಜೀನಾಮೆ ಕೊಟ್ರೆ ಮನೇಗ್ ಓಗಿ ಮಲೀಕೊತಾನೆ. ನನ್ ಮಿಷನ್ ಪಕ್ಕ ಒಂದಿನ ಕುಂತ್ಕೊಳ್ಳಕ್ಕೇಳು. ಆ ಪುಸ್ತಕ್ವಾ ಮೊದ್ಲಿಂದ ಕೊನೇಗಂಟ ಗಟ್ಟಿಯಾಗಿ ಓದ್ಲಿ. ನಾನ್ ಕೇಳುಸ್ಕೊಂತೀನಿ. ನಾಕು ಗಂಟೆ ನಾನೆಲ್ಗೂ ಓಗಲ್ಲ.”

ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳರಿಂದ ಹನ್ನೊಂದು. ಹಾಸಿಗೆಯ ಪಕ್ಕ ಒಂದು ಸ್ಟೂಲು ಹಾಕಿಸಿದ್ದೇನೆ.

ಇಂತಿ, ನಿಮ್ಮ ಪುಸ್ತಕವನ್ನು ಪೂರ್ತಿ ಓದಿಯೂ ಅರ್ಥ ಮಾಡಿಕೊಳ್ಳದೆ ಅಚ್ಚಿಗೆ ಬಿಟ್ಟ ಪಾಪಿ,
ಧನಲಕ್ಷ್ಮಿ
ಕರಡು ತಿದ್ದುವವಳು, ಯಶವಂತಪುರ
ಅಕ್ಟೋಬರ್ 2017